ಬೀಗದ ಕೈ ಕೊಡುವವನ ಹೊಣೆ



ವಿದ್ಯೆಯನ್ನು ಕಲಿಸಿದವನ ಹೊಣೆ ಎಲ್ಲಿಗೆ ಮುಗಿಯುತ್ತದೆ? ಶಿಷ್ಯನು ವಿದ್ಯೆಯನ್ನು ಕೈವಶಮಾಡಿಕೊಂಡ ದಿನಕ್ಕೆ ಮುಗಿಯುವುದೋ, ಇಲ್ಲವೇ ಆ ವಿದ್ಯೆಯಿಂದ ಲೋಕಕ್ಕೆ ಒದಗುವ ಒಳಿತು ಕೆಡುಕುಗಳವರೆಗೂ ಹಿಂಬಾಲಿಸುವುದೋ? ಇದು ಬಿಲ್ವಿದ್ಯೆಯ ಕಾಲದಿಂದಲೂ ಬಂದಿರುವ ಪ್ರಶ್ನೆ. ಆದರೆ ಇಂದು ಅದು ಅರಮನೆಯ ಗರಡಿಯಲ್ಲಿ ಉಳಿದಿಲ್ಲ. ನಮ್ಮ ನಿಮ್ಮ ಮನೆಯ ಜಗಲಿಗೇ ಬಂದು ಕುಳಿತಿದೆ. ಗೋಡೆಯ ಮೊಳೆಗೆ ತೂಗುಹಾಕಿರುವ ಬೈಕಿನ ಬೀಗದ ಕೈಯನ್ನು ಮಗನ ಅಂಗೈಯಲ್ಲಿಡುವಾಗ ಪ್ರತಿಯೊಬ್ಬ ತಂದೆಯೂ ಈ ಪ್ರಶ್ನೆಗೆ ಉತ್ತರವನ್ನು ಕೊಟ್ಟೇ ಕೊಡುತ್ತಾನೆ, ತಿಳಿದೋ ತಿಳಿಯದೆಯೋ.

ನಮ್ಮ ಸೀಮೆಯ ಹಾದಿಗಳನ್ನು ಒಮ್ಮೆ ನೆನೆದುಕೊಳ್ಳಿರಿ. ತುಮಕೂರಿನಿಂದ ಗುಬ್ಬಿ, ತಿಪಟೂರುಗಳ ಮೇಲೆ ಅರಸೀಕೆರೆಯತ್ತ ಸಾಗುವ ಹೆದ್ದಾರಿಯನ್ನು ಕಿಬ್ಬನಹಳ್ಳಿ ಕ್ರಾಸಿನಲ್ಲಿ ಚಿಕ್ಕನಾಯಕನಹಳ್ಳಿಯಿಂದ ತುರುವೇಕೆರೆಗೆ ಹೋಗುವ ರಸ್ತೆಯು ಕತ್ತರಿಸುತ್ತದೆ. ಕೊಬ್ಬರಿ ತುಂಬಿದ ಲಾರಿ, ದೂರದ ಊರಿನ ಬಸ್ಸು, ಕಾಯಿ ಹೇರಿಕೊಂಡ ಟ್ರ್ಯಾಕ್ಟರು, ಹುಲ್ಲಿನ ಹೊರೆ ಹೊತ್ತ ತಾಯಿ, ಶಾಲೆಗೆ ಹೊರಟ ಮಕ್ಕಳು, ಎಲ್ಲರೂ ಒಂದೇ ದಾರಿಯ ಪಾಲುದಾರರು. ಈ ಪಾಲುದಾರರ ನಡುವೆ ಹೊಸದಾಗಿ ವಾಹನ ನಡೆಸಲು ಕಲಿತವನನ್ನು ನಾವು ಕಳುಹಿಸುತ್ತೇವೆ. ಯಾವ ಪಾಠ ಹೇಳಿ ಕಳುಹಿಸುತ್ತೇವೆ?

ಸಾಮಾನ್ಯವಾಗಿ ನಡೆಯುವುದು ಹೀಗೆ. ತೋಟದ ದಾರಿಯಲ್ಲಿ ಒಂದು ಸಂಜೆ ಕ್ಲಚ್ಚು, ಗೇರುಗಳ ಪರಿಚಯವಾಗುತ್ತದೆ. ಎರಡನೆಯ ಸಂಜೆ ಕೆರೆ ಏರಿಯವರೆಗೆ ಸವಾರಿ. ಮೂರನೆಯ ದಿನ ಮಗನು, “ಅಪ್ಪಾ, ಪೇಟೆಗೆ ನಾನೇ ಹೋಗಿ ಬರ್ತೀನಿ” ಎನ್ನುತ್ತಾನೆ. ತಂದೆಯು ಹೆಮ್ಮೆಯಿಂದ, “ಹುಷಾರಾಗಿ ಹೋಗ್ಬಾ ಮಗಾ” ಎನ್ನುತ್ತಾನೆ. ಅಲ್ಲಿಗೆ ವಿದ್ಯಾಭ್ಯಾಸ ಮುಗಿಯಿತು! ಗಾಡಿಯನ್ನು ಮುಂದಕ್ಕೆ ಹೊರಡಿಸುವುದನ್ನೇ ನಾವು ಚಾಲನೆಯೆಂದು ತಿಳಿದಿದ್ದೇವೆ. ಆದರೆ ವಿಚಾರಮಾಡಿ ನೋಡಿದರೆ, ಹೊರಡುವುದು ಯಂತ್ರದ ಗುಣ. ನಿಲ್ಲುವುದು ಮನುಷ್ಯನ ಗುಣ. ಕಲಿಸಬೇಕಾದ ಮೊದಲ ಪಾಠವೂ ಕೊನೆಯ ಪಾಠವೂ ನಿಲ್ಲುವುದೇ ಆಗಿದೆ.

ತೆಂಗಿನ ತೋಟದ ಲೆಕ್ಕದಲ್ಲಿಯೇ ಇದನ್ನು ತಿಳಿಯಬಹುದು. ಮೂವತ್ತು ಅಡಿಗೆ ಒಂದರಂತೆ ಮರಗಳಿವೆಯೆಂದಿಟ್ಟುಕೊಳ್ಳಿ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಹೋಗುವ ವಾಹನವು ಒಂದು ಸೆಕೆಂಡಿನಲ್ಲಿ ಸುಮಾರು 55 ಅಡಿ ಸಾಗುತ್ತದೆ. ಅಂದರೆ, ಅಡ್ಡ ಬಂದ ಮಗುವನ್ನು ಕಣ್ಣು ಕಂಡು, ಮನಸ್ಸು ಅರಿತು, ಕಾಲು ಬ್ರೇಕನ್ನು ಮುಟ್ಟುವಷ್ಟರಲ್ಲಿಯೇ ಎರಡು ಮರಗಳ ಅಂತರ ಹಿಂದಕ್ಕೆ ಸರಿದಿರುತ್ತದೆ. ಬ್ರೇಕು ಹಾಕಿದ ಮೇಲೆ ಸಾಗುವ ದೂರ ಬೇರೆ. ವೇಗವು ಎರಡರಷ್ಟಾದರೆ ಆ ದೂರ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಇದು ಯಾರ ಧೈರ್ಯಕ್ಕೂ, ಯಾರ ಕೈಚಳಕಕ್ಕೂ ಬಗ್ಗದ ಸೃಷ್ಟಿನಿಯಮ. ನಮ್ಮ ದೇಶದಲ್ಲಿ 2022ನೆಯ ಇಸವಿಯೊಂದರಲ್ಲಿಯೇ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಪ್ರಾಣ ಕಳೆದುಕೊಂಡರೆಂದು ಕೇಂದ್ರ ಸರ್ಕಾರದ ವರದಿಯು ಹೇಳುತ್ತದೆ. ಅವರಲ್ಲಿ ಸುಮಾರು ಐವತ್ತು ಸಾವಿರ ಮಂದಿ ಹೆಲ್ಮೆಟ್ ಧರಿಸದೆ ಇದ್ದವರು.

ಹಾಗಾದರೆ ಇನ್ನೂ ಹೆಚ್ಚಿನ ಕೌಶಲವನ್ನು ಕಲಿಸಿದರೆ ಸಾಕಲ್ಲವೇ ಎಂದು ನೀವು ಕೇಳಬಹುದು. ಇಲ್ಲೊಂದು ಪಾಠವಾಗತಕ್ಕ ಸಂಗತಿಯಿದೆ. ಹಿಮ ಬೀಳುವ ನಾರ್ವೆ ದೇಶದಲ್ಲಿ ಹೊಸ ಚಾಲಕರಿಗೆ ಜಾರುವ ರಸ್ತೆಯಲ್ಲಿ ವಾಹನವನ್ನು ಹತೋಟಿಗೆ ತರುವ ವಿಶೇಷ ಶಿಕ್ಷಣವನ್ನು ಕಡ್ಡಾಯಗೊಳಿಸಿದ್ದರು. 1988ರಲ್ಲಿ ಪ್ರಕಟವಾದ ಪರಿಶೀಲನೆಯಲ್ಲಿ ಕಂಡುಬಂದದ್ದು ಎಲ್ಲರ ನಿರೀಕ್ಷೆಗೆ ವಿರುದ್ಧವಾಗಿತ್ತು: ತರುಣರಲ್ಲಿ ಜಾರುರಸ್ತೆಯ ಅಪಘಾತಗಳು ಕಡಿಮೆಯಾಗುವ ಬದಲು ಹೆಚ್ಚಿದ್ದವು. ಕೌಶಲವು ಬೆಳೆದುದಕ್ಕಿಂತ ಕೌಶಲವಿದೆಯೆಂಬ ಭರವಸೆಯೇ ಹೆಚ್ಚು ಬೆಳೆದಿತ್ತೆಂಬುದು ಇದಕ್ಕೆ ವಿದ್ವಾಂಸರು ಕೊಡುವ ಕಾರಣ. ಸಂಯಮವಿಲ್ಲದ ಕೌಶಲವು ಅಹಂಕಾರಕ್ಕೆ ಆಯುಧವಾಗುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೇ?

ನಮ್ಮ ರೈತನಿಗೆ ಈ ಸತ್ಯ ಹೊಸದಲ್ಲ. ಹೋರಿಯನ್ನು ಪಳಗಿಸುವಾಗ ಅವನು ಮೊದಲ ದಿನವೇ ಹೇರು ತುಂಬಿದ ಗಾಡಿಗೆ ಕಟ್ಟುವುದಿಲ್ಲ. ಪಳಗಿದ ಎತ್ತನ್ನು ಜೊತೆಗಿಟ್ಟು ಬರಿಯ ನೊಗವನ್ನು ಹೊರಿಸುತ್ತಾನೆ, ಬಳಿಕ ಖಾಲಿ ಗಾಡಿ, ಕೊನೆಗೆ ಹೇರು. ನ್ಯೂಜಿಲೆಂಡ್ ದೇಶವು 1987ರಲ್ಲಿ ಹೊಸ ಚಾಲಕರ ವಿಷಯದಲ್ಲಿ ಜಾರಿಗೆ ತಂದದ್ದೂ ಇದೇ ಕ್ರಮವೇ: ಮೊದಲು ಅನುಭವಿಯು ಪಕ್ಕದಲ್ಲಿರಬೇಕು, ಆಮೇಲೆ ಒಂಟಿಯಾಗಿ ನಡೆಸಬಹುದು, ಆದರೆ ತಡರಾತ್ರಿಯಲ್ಲಿ ಕೂಡದು, ಗೆಳೆಯರನ್ನು ತುಂಬಿಕೊಂಡು ಹೋಗಕೂಡದು, ಪೂರ್ಣ ಸ್ವಾತಂತ್ರ್ಯ ಕೊನೆಯಲ್ಲಿ. ನಮ್ಮ ಕಾನೂನಿನಲ್ಲಿಯೂ ಕಲಿಕೆಯ ಲೈಸೆನ್ಸು ಪಡೆದ ಮೂವತ್ತು ದಿನಗಳ ತನಕ ಪರೀಕ್ಷೆಗೆ ನಿಲ್ಲುವಂತಿಲ್ಲ. ಆ ಮೂವತ್ತು ದಿನಗಳನ್ನು ನಾವು ಸರ್ಕಾರದ ಕಾಟವೆಂದು ಎಣಿಸುತ್ತೇವೆಯೇ ಹೊರತು, ಪಕ್ಕದಲ್ಲಿ ಕುಳಿತು ಕಲಿಸಲು ಒದಗಿದ ಅವಕಾಶವೆಂದು ಭಾವಿಸುವವರೆಷ್ಟು ಮಂದಿ?

ಇಲ್ಲಿ ಒಂದು ಕಷ್ಟದ ಮಾತನ್ನು ಮರೆಮಾಚಬಾರದು. “ಇವೆಲ್ಲ ಉಳ್ಳವರ ನೀತಿ. ನಮ್ಮ ಹಳ್ಳಿಗೆ ಬಸ್ಸು ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ಕಾಯಿ ಸಾಗಿಸಬೇಕು, ಡೇರಿಗೆ ಹಾಲು ಮುಟ್ಟಿಸಬೇಕು. ಹದಿನಾರರ ಹುಡುಗನಲ್ಲದೆ ಮನೆಯಲ್ಲಿ ಬೇರೆ ಆಳಿಲ್ಲ” ಎನ್ನುವ ತಂದೆಯಿದ್ದಾನೆ. ಅವನ ಕಷ್ಟ ಸುಳ್ಳಲ್ಲ. ಅವನನ್ನು ಹಳಿಯುವುದು ಸುಲಭ, ಅವನ ಸ್ಥಳದಲ್ಲಿ ನಿಲ್ಲುವುದು ಕಷ್ಟ. ಆದರೂ ಅವನಲ್ಲಿ ಒಂದು ಮಾತನ್ನು ವಿನಯದಿಂದ ಕೇಳಬೇಕಾಗಿದೆ. ಕಷ್ಟ ನಮ್ಮದು ನಿಜ. ಆದರೆ ಅದರ ಬೆಲೆಯನ್ನು ತೆರುವವರು ಯಾರು? ದಾರಿಯ ಅಂಚಿನಲ್ಲಿ ನಡೆದುಹೋಗುವ ಮುದುಕಿಯು ನಮ್ಮ ಕಷ್ಟಕ್ಕೆ ಪಾಲುದಾರಳಾಗಲು ಒಪ್ಪಿದ್ದಳೇ? ನಮ್ಮ ಅನುಕೂಲಕ್ಕಾಗಿ, ಕೇಳದೆಯೇ ಇನ್ನೊಬ್ಬರ ಪ್ರಾಣವನ್ನು ಒತ್ತೆಯಿಡುವ ಅಧಿಕಾರವು ಬಡತನಕ್ಕೂ ಇಲ್ಲ, ಸಿರಿತನಕ್ಕೂ ಇಲ್ಲ. ಹಾಗೆಂದು ಆ ತಂದೆಯನ್ನು ಒಂಟಿಯಾಗಿ ಬಿಡುವುದೂ ಧರ್ಮವಲ್ಲ. ಅವನ ಹಾಲನ್ನು ತನ್ನ ಗಾಡಿಯಲ್ಲಿ ಕೊಂಡೊಯ್ಯುವ ನೆರೆಯವನೂ ಈ ಹೊಣೆಯಲ್ಲಿ ಪಾಲುಳ್ಳವನೇ.

2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯು ಅಪ್ರಾಪ್ತ ವಯಸ್ಕನು ವಾಹನ ನಡೆಸಿ ತಪ್ಪೆಸಗಿದರೆ ಪೋಷಕನನ್ನಾಗಲಿ ವಾಹನದ ಒಡೆಯನನ್ನಾಗಲಿ ತಪ್ಪಿತಸ್ಥನೆಂದೇ ಭಾವಿಸುತ್ತದೆ. ಮೂರು ವರ್ಷಗಳವರೆಗೆ ಸೆರೆವಾಸ, ಇಪ್ಪತ್ತೈದು ಸಾವಿರ ರೂಪಾಯಿ ದಂಡ. ಆ ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸಿಲ್ಲ. ನಮ್ಮ ಪ್ರಶ್ನೆಗೆ ಕಾನೂನು ತನ್ನ ಉತ್ತರವನ್ನು ಕೊಟ್ಟಾಯಿತು: ಕೈಯಿಂದ ಕೈಗೆ ಹೋದದ್ದು ಬೀಗದ ಕೈ ಮಾತ್ರ, ಹೊಣೆಯಲ್ಲ. ಆದರೆ ಕಾನೂನು ಹದಿನೆಂಟನ್ನು ಎಣಿಸಬಲ್ಲುದೇ ಹೊರತು ಪಕ್ವತೆಯನ್ನು ಅಳೆಯಲಾರದು. ಅಟ್ಟದ ಮೇಲಿಟ್ಟ ಕಾಯಿ ಕೊಬ್ಬರಿಯಾಗಲು ಹತ್ತಿರ ಹತ್ತಿರ ವರ್ಷ ಹಿಡಿಯುತ್ತದೆ. ತಿಂಗಳು ಎಣಿಸಿದ ಮಾತ್ರಕ್ಕೆ ನಮ್ಮವರು ಅದನ್ನು ಒಡೆಯುವುದಿಲ್ಲ; ಕೈಯಲ್ಲಿ ಹಿಡಿದು ಅಲುಗಿಸಿ, ಒಳಗಿನ ಸದ್ದನ್ನು ಆಲಿಸುತ್ತಾರೆ. ಆತುರದಲ್ಲಿ ಒಡೆದ ಹಸಿ ಕೊಬ್ಬರಿ ಬೂಷ್ಟು ಹಿಡಿಯುತ್ತದೆಂಬುದು ಅವರಿಗೆ ಗೊತ್ತು. ಮಗನ ವಿಷಯದಲ್ಲಿಯೂ ಹಾಗೆ ಆಲಿಸಬೇಕಾದವರು ನಾವೇ. ಇನ್ನೊಬ್ಬನು ಮುಂದೆ ಹೋದರೆ ಅವನಿಗೆ ಅವಮಾನವೆನಿಸುತ್ತದೆಯೇ? ಯಾರೂ ನೋಡದ ರಾತ್ರಿಯಲ್ಲಿಯೂ ಹೆಲ್ಮೆಟ್ ತೊಡುತ್ತಾನೆಯೇ? ತಪ್ಪು ತನ್ನದಾದಾಗ ಒಪ್ಪಿಕೊಳ್ಳುತ್ತಾನೆಯೇ? ಅಪಘಾತವಾದರೆ ಓಡಿಹೋಗದೆ ಗಾಯಗೊಂಡವನನ್ನು ಎತ್ತಿಕೊಳ್ಳುವನೇ?

ಇವನ್ನು ಮಾತಿನಿಂದ ಕಲಿಸಲಾಗದು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂಬಂತೆ, ತಂದೆಯೇ ಬರಿದಲೆಯಲ್ಲಿ ಹೊರಟು, ಮದುವೆಯ ಮನೆಯಲ್ಲಿ ಕುಡಿದು ಗಾಡಿ ಏರಿದರೆ, ಹಿಂದೆ ಕುಳಿತ ಮಗು ಅದನ್ನೇ ಕಲಿಯುತ್ತದೆ. ನಮ್ಮ ಮಕ್ಕಳು ವಾಹನ ನಡೆಸುವುದನ್ನು ಕಲಿಯತೊಡಗುವುದು ಹದಿನೆಂಟನೆಯ ವಯಸ್ಸಿನಲ್ಲಲ್ಲ. ಪೆಟ್ರೋಲು ಟ್ಯಾಂಕಿನ ಮೇಲೆ ಅವರನ್ನು ಕೂರಿಸಿಕೊಂಡು ನಾವು ಹೊರಟ ಮೊದಲ ದಿನದಲ್ಲಿಯೇ.

ಮೊದಲ ಪ್ರಶ್ನೆಗೆ ಮರಳೋಣ. ಎಷ್ಟು ಚೆನ್ನಾಗಿ ಕಲಿಸಿದರೂ ಕೇಡು ಸಂಭವಿಸಬಹುದು. ಆಗ ಗುರುವು ಅಪರಾಧಿಯಲ್ಲ. ಆದರೆ ಕಲಿಸಬೇಕಾದುದನ್ನು ಕಲಿಸದೆ, ಬೇಡವೆನ್ನಬೇಕಾದಾಗ ಬೇಡವೆನ್ನದೆ ಬೀಗದ ಕೈ ಕೊಟ್ಟವನಿಗೆ “ನಾನು ಗಾಡಿಯಲ್ಲಿರಲಿಲ್ಲ” ಎಂಬ ಮಾತು ಆಸರೆಯಾಗಲಾರದು. ನಾಳೆ ಬೆಳಿಗ್ಗೆ ಮಗನೋ ಮಗಳೋ ಬಂದು ಕೈ ಚಾಚಿದಾಗ, ಸಾಧ್ಯವಾದರೆ ನೀವೂ ಜೊತೆಯಲ್ಲಿ ಹೊರಡಿರಿ. ಕ್ರಾಸಿನವರೆಗೆ ಹೋಗಿ, ಅಲ್ಲಿ ಗಾಡಿಯನ್ನು ನಿಲ್ಲಿಸಲು ಹೇಳಿ, ದಾಟುವವರೆಲ್ಲರೂ ದಾಟುವವರೆಗೆ ಕಾಯಿರಿ. ಅವನು ಗೊಣಗದೆ ಕಾದನೆಂದರೆ ಅಂದಿನ ಪಾಠ ಫಲಿಸಿತೆಂದು ತಿಳಿಯಿರಿ.