ಪಕ್ಷಿಗಳಿಗೆ ಕಾಳು: ದಯೆಯೋ, ಋಣವೋ?

ನಮ್ಮ ಹಿರಿಯರ ಮನೆಗಳಲ್ಲಿ ವೈಶ್ವದೇವವಾದ ಬಳಿಕ ಬಲಿಹರಣದ ಅನ್ನವನ್ನು ಹಿತ್ತಿಲಿನ ಕಲ್ಲಿನ ಮೇಲಿಟ್ಟು, ಕೈಕಾಲು ತೊಳೆದು ಒಳಗೆ ಬರುವಷ್ಟರಲ್ಲಿ ಕಾಗೆ, ಅಳಿಲು, ಗುಬ್ಬಿಗಳು ತಮ್ಮ ಪಾಲನ್ನು ಪಡೆದು ಹೋಗಿರುತ್ತಿದ್ದವು. ಅದನ್ನು ಯಾರೂ ದಾನವೆಂದು ಕರೆಯುತ್ತಿರಲಿಲ್ಲ. ಊರು ಬಿಟ್ಟು ಮುಂಬಯಿ, ಪುಣೆಗಳಿಗೆ ಬಂದು ನೆಲೆಸಿದ ನಮಗೆ ನಾಲ್ಕನೆಯ ಅಂತಸ್ತಿನಲ್ಲಿ ಹಿತ್ತಿಲೂ ಇಲ್ಲ, ಆ ಕಲ್ಲೂ ಇಲ್ಲ. ಆದರೂ ಹಕ್ಕಿಗೆ ನಾಲ್ಕು ಕಾಳು ಹಾಕಬೇಕೆಂಬ ಸಂಸ್ಕಾರ ಮಾತ್ರ ಉಳಿದಿದೆ. ಅದನ್ನು ಹೇಗೆ ನಡೆಸಬೇಕು ಎಂಬುದು ಮೇಲ್ನೋಟಕ್ಕೆ ಅಲ್ಪ ವಿಷಯ. ನನ್ನ ಅನುಭವದಲ್ಲಿ ಅದು ಧರ್ಮಸೂಕ್ಷ್ಮವೇ ಆಯಿತು.

ರೈಲ್ವೆ ಸೇವೆಯಲ್ಲಿದ್ದಾಗ ಗೂಡ್ಸ್ ಶೆಡ್ಡುಗಳಲ್ಲಿ ಚೀಲದಿಂದ ಚೆಲ್ಲಿದ ಗೋಧಿಗೆ ಹಕ್ಕಿಗಳು ಮುತ್ತುವುದನ್ನು ನಿತ್ಯ ನೋಡುತ್ತಿದ್ದೆ. ನಿವೃತ್ತನಾದ ಮೇಲೆ ಅದೇ ನೆನಪಿನಿಂದ ಕಿಟಕಿಯ ಹೊರಗಿನ ಛಜ್ಜಾದ ಮೇಲೆ ದಿನವೂ ಬೆಳಿಗ್ಗೆ ಎರಡು ಬೊಗಸೆ ಜೋಳ ಚೆಲ್ಲತೊಡಗಿದೆ. ಮೊದಲು ನಾಲ್ಕು ಪಾರಿವಾಳ ಬಂದವು. ತಿಂಗಳು ಕಳೆಯುವುದರೊಳಗೆ ನಲವತ್ತಾದವು. ನನಗೆ ಪರಮ ಸಂತೋಷ. ಒಂದು ದಿನ ಕೆಳಗಿನ ಮನೆಯ ಸೊಸೆ ಬಂದು, "ಕಾಕಾ, ನಮ್ಮ ಆಯಿಗೆ ಕೆಮ್ಮು ನಿಲ್ಲುತ್ತಿಲ್ಲ. ಕಿಟಕಿ ತೆರೆದರೆ ಹಿಕ್ಕೆಯ ಧೂಳು ಒಳಗೆ ಬರುತ್ತದೆ. ಡಾಕ್ಟರರು ಕಿಟಕಿ ಮುಚ್ಚಿಡಿ ಅನ್ನುತ್ತಾರೆ" ಎಂದಳು. ಮಾತಿನಲ್ಲಿ ಕೋಪವಿರಲಿಲ್ಲ. ಅದರಿಂದಲೇ ನನಗೆ ಹೆಚ್ಚು ನಾಚಿಕೆಯಾಯಿತು.

ಇದು ನನ್ನೊಬ್ಬನ ಮನೆಯ ಮಾತಲ್ಲ. 2025ರಲ್ಲಿ ಮುಂಬಯಿಯ ಕಬೂತರಖಾನೆಗಳನ್ನು ಮುಚ್ಚುವ ಪ್ರಶ್ನೆ ಎದ್ದು, ದಾದರಿನ ಕಬೂತರಖಾನೆಗೆ ತಾಡಪತ್ರಿ ಹೊದಿಸಿದಾಗ ಜನ ಬೀದಿಗಿಳಿದರು. ವಿವಾದ ಉಚ್ಚ ನ್ಯಾಯಾಲಯದ ಮುಂದೆಯೂ ಇತ್ತು. ಒಂದು ಪಕ್ಷದವರು ಜೀವದಯೆಯನ್ನು ಹೇಳಿದರು, ಇನ್ನೊಂದು ಪಕ್ಷದವರು ಉಸಿರಾಟವನ್ನು ಹೇಳಿದರು. ಎರಡೂ ಮಾತು ಸುಳ್ಳಲ್ಲ. ಪಾರಿವಾಳದ ಹಿಕ್ಕೆ ಮತ್ತು ಗರಿಯ ಧೂಳಿನಿಂದ ಕೆಲವರ ಶ್ವಾಸಕೋಶಕ್ಕೆ ಗಂಭೀರವಾದ ವ್ಯಾಧಿ ತಗಲುತ್ತದೆಂಬುದು ವೈದ್ಯರು ಬಲ್ಲ ವಿಷಯ. ಧಾರಾಳವಾಗಿ ಕಾಳು ದೊರೆತಲ್ಲಿ ಪಾರಿವಾಳವು ವರ್ಷದಲ್ಲಿ ಹಲವು ಸಲ, ಪ್ರತಿಸಲವೂ ಸಾಮಾನ್ಯವಾಗಿ ಎರಡೆರಡು ಮೊಟ್ಟೆಯಿಟ್ಟು ವೃದ್ಧಿಯಾಗುತ್ತದೆ. ಹಾಗಾದರೆ ಹಕ್ಕಿಗೆ ಕಾಳು ಹಾಕುವುದು ಪುಣ್ಯವೋ, ಪರಪೀಡೆಯೋ?

ಶಾಸ್ತ್ರ ಈ ವಿಷಯವನ್ನು ಪುಣ್ಯದಿಂದ ಆರಂಭಿಸುವುದೇ ಇಲ್ಲ. ಒಲೆ, ಬೀಸುವ ಕಲ್ಲು, ಪೊರಕೆ, ಒರಳು-ಒನಕೆ, ನೀರಿನ ಕೊಡ ಎಂಬ ಐದು ಸ್ಥಾನಗಳಲ್ಲಿ ಗೃಹಸ್ಥನಿಂದ ಅರಿಯದೆಯೇ ಪ್ರಾಣಿಹಿಂಸೆ ನಡೆಯುತ್ತದೆ. ಅದರ ನಿಷ್ಕೃತಿಗಾಗಿ ಪಂಚಮಹಾಯಜ್ಞಗಳು ವಿಹಿತವಾಗಿವೆ ಎಂದು ಮನುಸ್ಮೃತಿಯ ಮೂರನೆಯ ಅಧ್ಯಾಯ ಹೇಳುತ್ತದೆ. ಭೂತಯಜ್ಞವು ಅವುಗಳಲ್ಲೊಂದು. ಅಂದರೆ ನಾವು ಹಕ್ಕಿಗೆ ಉಪಕಾರ ಮಾಡುತ್ತಿಲ್ಲ, ಸಾಲ ತೀರಿಸುತ್ತಿದ್ದೇವೆ. ನಾಯಿ, ಕಾಗೆ, ಕ್ರಿಮಿಗಳ ಪಾಲನ್ನು ನೆಲದ ಮೇಲೆ ಮೆಲ್ಲನೆ ಇಡಬೇಕೆಂಬ ವಿಧಿಯೂ ಅಲ್ಲಿಯೇ ಇದೆ. ನಾನು ಚೆಲ್ಲುತ್ತಿದ್ದೆ. ಇಡುವುದಕ್ಕೂ ಚೆಲ್ಲುವುದಕ್ಕೂ ಇರುವ ಅಂತರ ನನಗೆ ಅರವತ್ತು ದಾಟಿದ ಮೇಲೆ ತಿಳಿಯಿತು.

ಸಾಲಗಾರನು ತನ್ನ ಸಾಲವನ್ನು ಪರರ ಹಣದಿಂದ ತೀರಿಸಬಹುದೇ? ಮಹಾಭಾರತದ ವನಪರ್ವದಲ್ಲಿ ಬರುವ ಉಶೀನರ ರಾಜನ ಕಥೆಯನ್ನು ನಾವೆಲ್ಲ ಬಲ್ಲೆವು. ಶಿಬಿಯ ಹೆಸರಿನಲ್ಲಿಯೂ ಅದು ಪ್ರಸಿದ್ಧ. ಶರಣು ಬಂದ ಪಾರಿವಾಳವನ್ನು ರಾಜ ಕಾಪಾಡುತ್ತಾನೆ. ಬೆನ್ನಟ್ಟಿ ಬಂದ ಗಿಡುಗವಾದರೋ ತನ್ನ ಮತ್ತು ತನ್ನ ಮಡದಿಮಕ್ಕಳ ಹಸಿವನ್ನು ಮುಂದಿಟ್ಟು, ಒಬ್ಬರನ್ನು ಉಳಿಸಲು ಹಲವರನ್ನು ಕೆಡಿಸುವುದು ಎಂಥ ಧರ್ಮವೆಂದು ಕೇಳುತ್ತದೆ. ರಾಜನು ಆ ಪ್ರಶ್ನೆಯನ್ನು ಧಿಕ್ಕರಿಸಲಿಲ್ಲ. ತಕ್ಕಡಿ ತರಿಸಿ ತನ್ನ ದೇಹದ ಮಾಂಸವನ್ನೇ ಕೊಯ್ದಿಟ್ಟನು. ಸಾಲದಾಗ ತಾನೇ ತಕ್ಕಡಿಯನ್ನೇರಿದನು. ನೆರೆಯವನ ತೊಡೆಗೆ ಕತ್ತಿ ಹಾಕಲಿಲ್ಲ. ನಾನಾದರೋ ಪುಣ್ಯ ನನ್ನದೆಂದುಕೊಂಡು, ಅದರ ವೆಚ್ಚವನ್ನು ಕೆಳಗಿನ ಮನೆಯ ವೃದ್ಧೆಯ ಉಸಿರಿನಿಂದ ತೆರಿಸುತ್ತಿದ್ದೆ. ದಯೆಯ ಬೆಲೆಯನ್ನು ದಯಾಳುವೇ ತೆರಬೇಕೆಂಬುದು ಆ ಕಥೆಯಿಂದ ನಾನು ಕಲಿತ ಪಾಠ.

ಇನ್ನೊಂದು ದೋಷವೂ ನನ್ನಲ್ಲಿತ್ತು. "ನನ್ನಿಂದ ಇಷ್ಟು ಹಕ್ಕಿಗಳು ಬದುಕಿವೆ" ಎಂಬ ಅಭಿಮಾನ. ಜೀವರೆಲ್ಲ ಅಸ್ವತಂತ್ರರು, ಹರಿಯೊಬ್ಬನೇ ಸ್ವತಂತ್ರನೆಂದು ನಿತ್ಯ ಪಾಠ ಮಾಡುವ ನಮಗೆ ಎರಡು ಬೊಗಸೆ ಜೋಳವೇ ಕರ್ತೃತ್ವದ ಭ್ರಮೆಯನ್ನು ತಂದೊಡ್ಡುತ್ತದೆ. ಹಕ್ಕಿಗಳ ಸಂಖ್ಯೆ ಎಣಿಸಿ ಹಿಗ್ಗುವಾತನು ಹಕ್ಕಿಯನ್ನು ನೋಡುತ್ತಿಲ್ಲ, ತನ್ನನ್ನೇ ನೋಡಿಕೊಳ್ಳುತ್ತಿದ್ದಾನೆ.

ಹಾಗೆಂದು ಕಾಳು ಹಾಕುವುದನ್ನೇ ಬಿಡುವುದು ಪರಿಹಾರವಲ್ಲ. ಸಾಲ ಸಾಲವಾಗಿಯೇ ಉಳಿಯುತ್ತದೆ. ಮಿತದಲ್ಲಿ ನಡೆಸಬೇಕು. ನಾನು ಮಾಡಿಕೊಂಡ ಏರ್ಪಾಡನ್ನು ವಾಚಕರ ಉಪಯೋಗಕ್ಕಾಗಿ ತಿಳಿಸುತ್ತೇನೆ. ಒಡೆದ ತೆಂಗಿನಕಾಯಿಯ ಅರ್ಧ ಕರಟವನ್ನು ಚೆನ್ನಾಗಿ ಕೆರೆದು ಒಣಗಿಸಬೇಕು. ಅಂಚಿನಲ್ಲಿ ಸಮಾನ ಅಂತರದಲ್ಲಿ ಮೂರು ರಂಧ್ರಗಳನ್ನೂ, ಮಳೆನೀರು ಇಳಿಯಲು ತಳದಲ್ಲಿ ಒಂದು ಕಿರುರಂಧ್ರವನ್ನೂ ಕಾಯಿಸಿದ ಮೊಳೆಯಿಂದ ಮಾಡಬೇಕು. ಮೂರು ನಾರಿನ ಹುರಿಗಳನ್ನು ಪೋಣಿಸಿ ಮೇಲೆ ಒಂದುಗೂಡಿಸಿ, ನಮ್ಮದೇ ಕಿಟಕಿಯ ಗ್ರಿಲ್ಲಿನ ಒಳಬದಿಗೆ ತೂಗುಹಾಕಿ, ಕೆಳಗೆ ಒಂದು ಹಳೆಯ ತಟ್ಟೆ ಇಡಬೇಕು. ಸಿಪ್ಪೆ, ಹಿಕ್ಕೆ ಏನು ಬಿದ್ದರೂ ನಮ್ಮ ತಟ್ಟೆಗೇ ಬೀಳಲಿ. ಗುಬ್ಬಿಯ ತೂಕ ಸುಮಾರು 30 ಗ್ರಾಂ, ಪಾರಿವಾಳದ್ದು ಸುಮಾರು 300 ಗ್ರಾಂ. ತೂಗಾಡುವ ಚಿಕ್ಕ ಕರಟದ ಮೇಲೆ ಗುಬ್ಬಿ ಸುಲಭವಾಗಿ ಕೂರುತ್ತದೆ, ಪಾರಿವಾಳಕ್ಕೆ ನೆಲೆ ಸಿಗುವುದು ಕಷ್ಟ. ನವಣೆ, ಸಜ್ಜೆ, ನುಚ್ಚಕ್ಕಿ ಒಂದು ಹಿಡಿ ಸಾಕು. ಉಪ್ಪು ಬೆರೆತದ್ದು, ಕರಿದದ್ದು ಬೇಡ. ಸಂಜೆ ಉಳಿದುದನ್ನು ತೆಗೆಯಬೇಕು. ಬೂಷ್ಟು ಹಿಡಿದ ಕಾಳು ಹಕ್ಕಿಗೆ ರೋಗ ತರುತ್ತದೆ. ವಾರಕ್ಕೊಮ್ಮೆ ಕರಟವನ್ನು ಬಿಸಿನೀರಿನಲ್ಲಿ ತೊಳೆದು ಬಿಸಿಲಿಗಿಡಬೇಕು. ಪಕ್ಕದಲ್ಲಿ ಮಣ್ಣಿನ ತಟ್ಟೆಯಲ್ಲಿ ನೀರಿಟ್ಟು ದಿನವೂ ಬದಲಾಯಿಸಬೇಕು. ಗುಬ್ಬಿಯು ಮರಿಗಳಿಗೆ ಹುಳುಗಳನ್ನು ತಿನ್ನಿಸುವುದರಿಂದ, ಔಷಧ ಸಿಂಪಡಿಸದ ನಾಲ್ಕು ಹೂಗಿಡಗಳ ಕುಂಡವೂ ಇದ್ದರೆ ಒಳ್ಳೆಯದು. ಇಷ್ಟಾಗಿಯೂ ಪಾರಿವಾಳಗಳು ಮುತ್ತಿದರೆ ಎಂಟು ದಿನ ಕಾಳು ನಿಲ್ಲಿಸಬೇಕು.

ಇದಕ್ಕೆ ತಗಲುವ ಹಣ ಹೆಚ್ಚೇನಿಲ್ಲ. ತಟ್ಟೆ ತೊಳೆಯುವ ಶ್ರಮವಿದೆ, ಅದು ನಮ್ಮದೇ ಆಗಿರಬೇಕು. ಇದು ಬಲಿಹರಣಕ್ಕೆ ಪರ್ಯಾಯವೆಂದು ನಾನು ಹೇಳುವುದಿಲ್ಲ. ಅನುಷ್ಠಾನ ಉಳಿಸಿಕೊಂಡವರು ಅದನ್ನು ಬಿಡಬಾರದು. ಬಿಟ್ಟುಹೋದವರಿಗೆ ಆ ಋಣದ ನೆನಪಾದರೂ ಇರಲಿ.

ಈಗ ನಮ್ಮಲ್ಲಿಗೆ ನಲವತ್ತು ಹಕ್ಕಿಗಳು ಬರುವುದಿಲ್ಲ. ಎರಡು ಗುಬ್ಬಿಗಳು ಬರುತ್ತವೆ, ಕೆಲವು ದಿನ ಅವೂ ಬರುವುದಿಲ್ಲ. ಕೆಳಗಿನ ಮನೆಯ ಕಿಟಕಿ ಮಾತ್ರ ಬೆಳಗಿನ ಹೊತ್ತು ತೆರೆದಿರುತ್ತದೆ.

ಶ್ರೀಕೃಷ್ಣಾರ್ಪಣಮಸ್ತು.