ಸೇವೆ ಅವರದು, ಹೊಣೆ ನಮ್ಮದು



ಪವಿತ್ರ ಕುರ್‌ಆನಿನ ಬನೀ ಇಸ್ರಾಈಲ್ ಅಧ್ಯಾಯದಲ್ಲಿ, ಅಲ್ಲಾಹನ ಆರಾಧನೆಯ ಆಜ್ಞೆಯ ಬೆನ್ನಿಗೇ ಮಾತಾಪಿತರ ಸೇವೆಯ ಆಜ್ಞೆ ಬಂದಿದೆ. ಅವರು ಮುಪ್ಪನ್ನು ತಲಪುವುದು 'ನಿನ್ನ ಬಳಿಯಲ್ಲಿ' ಎಂದು ಅದು ಸೂಚಿಸುತ್ತದೆ. ಬೇಸರದ ಒಂದು ಉದ್ಗಾರವನ್ನೂ ಅದು ನಿಷೇಧಿಸಿದೆ.

ಆದರೆ ಕೂಟಗಲ್‌ನಂತಹ ಹೋಬಳಿಗಳಿಂದ ಮಕ್ಕಳು ದುಡಿಮೆಗಾಗಿ ಬೆಂಗಳೂರು ಸೇರುವ ಕಾಲವಿದು. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯಲ್ಲಿ, ಪಾರ್ಶ್ವವಾಯು ಹೊಡೆದ ತಂದೆಯನ್ನು ಹಗಲೆಲ್ಲ ನೋಡಿಕೊಳ್ಳುವವರು ಯಾರು? ಇಂತಹ ನಿರ್ಬಂಧದಲ್ಲಿ ವೃದ್ಧಾಶ್ರಮದ ನೆರವು ಪಡೆದವರನ್ನೆಲ್ಲ ದೂಷಿಸುವುದು ನ್ಯಾಯವಲ್ಲ. ಹಾಗೆ ಸೇರಿಸಿದ ಮೇಲೆ ಯಾರ ಕೆಲಸ ಯಾವುದು ಎಂಬುದೇ ನಿಜವಾದ ಪ್ರಶ್ನೆ.

ಊಟ, ಸ್ನಾನ, ಹೊತ್ತಿಗೆ ಸರಿಯಾಗಿ ಮಾತ್ರೆ, ಹಾಸಿಗೆ ಹುಣ್ಣಾಗದಂತೆ ಮಗ್ಗುಲು ಬದಲಿಸುವುದು, ರಾತ್ರಿಯ ನಿಗಾ - ಇವು ಸಿಬ್ಬಂದಿಯ ಕೆಲಸ. ಆದರೆ ಅಬ್ಬಾರಿಗೆ ಯಾವ ಔಷಧಿ ಒಗ್ಗದು, ಯಾವ ಕಿವಿ ಕೇಳಿಸದು ಎಂಬುದನ್ನು ಮಕ್ಕಳೇ ತಿಳಿಸಬೇಕು. ಕಿಬ್ಲಾದ ದಿಕ್ಕನ್ನು ತೋರಿಸುವುದು, ನೀರು ಬಳಸಲಾಗದವರಿಗೆ ತಯಮ್ಮುಮ್‌ಗೆ ಏರ್ಪಾಡು ಮಾಡುವುದು, ಅಮ್ಮೀಜಾನ್‌ರ ಸ್ನಾನಕ್ಕೆ ಹೆಣ್ಣುಮಕ್ಕಳೇ ಇರಬೇಕೆಂದು ಕೇಳುವುದು ಮಕ್ಕಳ ಕರ್ತವ್ಯ. ಶಸ್ತ್ರಚಿಕಿತ್ಸೆಯಂತಹ ನಿರ್ಧಾರದಲ್ಲಿ ಮೊದಲು ಹಿರಿಯರ ಇಚ್ಛೆಯನ್ನೇ ಕೇಳಿರಿ. ಆಗಾಗ ಹೋಗಿ, ಅವರೊಬ್ಬರೇ ಇರುವಾಗ ಸುಖದುಃಖ ವಿಚಾರಿಸಿರಿ. ಮೊಮ್ಮಕ್ಕಳನ್ನೂ ಕರೆದೊಯ್ಯಿರಿ.

ತಿಂಗಳ ಹಣ ಕಟ್ಟಿದೊಡನೆ ಋಣ ತೀರಿತೆಂದು ಭಾವಿಸಬೇಡಿರಿ. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯು, ಆರೈಕೆಯ ಹೊಣೆ ಹೊತ್ತವರು ಹಿರಿಯರನ್ನು ಸಂಪೂರ್ಣವಾಗಿ ತೊರೆಯುವ ಉದ್ದೇಶದಿಂದ ಎಲ್ಲಿಯಾದರೂ ಬಿಟ್ಟುಹೋದರೆ 3 ತಿಂಗಳವರೆಗಿನ ಸೆರೆವಾಸವನ್ನೋ 5,000 ರೂಪಾಯಿವರೆಗಿನ ದಂಡವನ್ನೋ ಎರಡನ್ನೂ ವಿಧಿಸಬಹುದೆಂದು ಹೇಳಿದೆ. ಹಣ ಕಟ್ಟಿಯೂ ಮನಸ್ಸಿನಿಂದ ತೊರೆದವನನ್ನು ಯಾವ ಕಾಯ್ದೆಯೂ ಹಿಡಿಯಲಾರದು. ಅವನ ವಿಚಾರಣೆ ನಡೆಯುವುದು ಅಲ್ಲಾಹನ ಮುಂದೆ.

ಇನ್ನು ಸಿಬ್ಬಂದಿಗೂ ನಮ್ಮ ಮೇಲೆ ಹಕ್ಕಿದೆ. ದುಡಿದವನ ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂದೂ, ಶಕ್ತಿಮೀರಿದ ಕೆಲಸ ಹೊರಿಸಬಾರದೆಂದೂ, ಹೊರಿಸಿದರೆ ತಾವೂ ಕೈಜೋಡಿಸಬೇಕೆಂದೂ ಪ್ರವಾದಿವರ್ಯರು(ಸ) ಬೋಧಿಸಿದ್ದಾರೆ. ನಮ್ಮ ತಾಯಿಯ ಮಲಮೂತ್ರ ತೊಳೆಯುವ ಆಯಾಳನ್ನು ಗದರಿಸಿ ಮಾತನಾಡುವುದು ಯಾವ ಧರ್ಮ? ತಪ್ಪು ಕಂಡರೆ ಮೇಲ್ವಿಚಾರಕರಿಗೆ ಸ್ಪಷ್ಟವಾಗಿ ತಿಳಿಸಿರಿ. ಒಳಿತು ಕಂಡರೆ ಬಾಯ್ತುಂಬ ಕೃತಜ್ಞತೆ ಹೇಳಿರಿ.

ಬಾಲ್ಯದಲ್ಲಿ ನಮ್ಮನ್ನು ಸಾಕಿದವರ ಮೇಲೆ ಕರುಣೆ ತೋರುವಂತೆ ಬೇಡುವ ದುಆವನ್ನು ಕುರ್‌ಆನ್ ಕಲಿಸಿರುವುದು ಮಕ್ಕಳ ಬಾಯಿಗೆ. ಸಂಬಳ ಕೊಟ್ಟು ಅದನ್ನು ಬೇರೆಯವರಿಂದ ಮಾಡಿಸಲಾಗದು. ಹೆತ್ತವರು ಎಲ್ಲಿ ಮಲಗಿದ್ದರೂ 'ನಮ್ಮ ಬಳಿಯಲ್ಲಿ' ಇರುವಂತೆ ನಡೆದುಕೊಳ್ಳಲು ಅಲ್ಲಾಹನು ನಮ್ಮನ್ನು ಅನುಗ್ರಹಿಸಲಿ. ಆಮೀನ್.