ಮನೆಯ ಮಾತು, ದಾಸರ ಮಾತು



ವಿಜಯದಶಮಿಯು ನಮಗೆ ಎರಡು ಕಾರಣಗಳಿಂದ ಪುಣ್ಯದಿನವಾಗಿದೆ. ಅಂದು ಶ್ರೀಮದಾಚಾರ್ಯರ ಜಯಂತಿ. ಅಂದೇ ಮಕ್ಕಳಿಗೆ ಅಕ್ಷರಾಭ್ಯಾಸ. ತಟ್ಟೆಯಲ್ಲಿ ಅಕ್ಕಿಯನ್ನು ಹರಡಿ, ಮಗುವಿನ ಬೆರಳನ್ನು ಹಿಡಿದು ಶ್ರೀಕಾರವನ್ನು ಬರೆಯಿಸುತ್ತೇವೆ. ಮರುದಿನದಿಂದ ಆ ಬೆರಳು ಕನ್ನಡದ ಅಕ್ಷರವನ್ನು ಮುಟ್ಟುವುದೇ ಇಲ್ಲವಾದರೆ ಅಕ್ಕಿಯ ಮೇಲಿನ ಆ ಬರಹಕ್ಕೆ ಏನು ಅರ್ಥ ಉಳಿಯಿತೆಂಬುದನ್ನು ಈ ಸಲ ವಿಚಾರ ಮಾಡೋಣ.

ಯಲ್ಲದಕೆರೆ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಈ ಸೀಮೆಯಿಂದ ಉದ್ಯೋಗನಿಮಿತ್ತ ಬೆಂಗಳೂರಿಗೂ ಅದರಾಚೆಗೂ ಹೋಗಿ ನೆಲೆಸಿದ ಕುಟುಂಬಗಳು ಅನೇಕ. ಆರಾಧನೆಗೆ, ಮುಂಜಿಗೆ ಅವರು ಮಕ್ಕಳೊಡನೆ ಊರಿಗೆ ಬರುವುದು ಸಂತೋಷದ ಸಂಗತಿ. ಆ ಮಕ್ಕಳು ದೇವರನಾಮವನ್ನೂ ಹಾಡುತ್ತಾರೆ; ಆದರೆ ಇಂಗ್ಲಿಷ್ ಲಿಪಿಯಲ್ಲಿ ಬರೆದುಕೊಂಡು ಹಾಡುತ್ತಾರೆ. ಆ ಲಿಪಿಗೆ ಲಕಾರ ಳಕಾರಗಳ ಭೇದವಿಲ್ಲ, ನಕಾರ ಣಕಾರಗಳ ಭೇದವಿಲ್ಲ. ಜಗನ್ಮಾತೆಯ ಕೈಯ ಬಳೆ ಅಲ್ಲಿ ಬೆಸ್ತರ ಬಲೆಯಾಗುತ್ತದೆ! ಕೇಳಿ ನಗುವವರೂ ಇದ್ದಾರೆ. ತಪ್ಪು ಮಗುವಿನದಲ್ಲವಾದ್ದರಿಂದ ನಮಗೆ ನಗು ಬಾರದು.

ಇಂಗ್ಲಿಷ್ ಬೇಡವೆಂದು ನಾವು ಹೇಳುವವರಲ್ಲ. ಅನ್ನದ ದಾರಿ ಇಂದು ಬಹುಮಟ್ಟಿಗೆ ಅದರ ಮೂಲಕವೇ ಸಾಗಿದೆ. ಸಭೆಗೆ ಒಂದು ಭಾಷೆ, ಮನೆಗೆ ಒಂದು ಭಾಷೆ ಎಂಬುದು ನಮ್ಮ ಹಿರಿಯರಿಗೆ ಹೊಸದೇನಲ್ಲ. ಶ್ರೀವ್ಯಾಸರಾಜರು ನ್ಯಾಯಾಮೃತ, ತರ್ಕತಾಂಡವಗಳನ್ನು ಪಂಡಿತರ ಸಭೆಗಾಗಿ ಸಂಸ್ಕೃತದಲ್ಲಿ ರಚಿಸಿದರು. ಕೃಷ್ಣನನ್ನು ಬಳಿಗೆ ಕರೆಯುವಾಗ ಕನ್ನಡದಲ್ಲಿ ಕರೆದರು. ಯುಕ್ತಿಮಲ್ಲಿಕೆಯನ್ನು ಬರೆದ ಶ್ರೀವಾದಿರಾಜರೇ ಮದುವೆಯ ಮನೆಯ ಹೆಣ್ಣುಮಕ್ಕಳಿಗಾಗಿ ಲಕ್ಷ್ಮೀಶೋಭಾನೆಯನ್ನು ಕನ್ನಡದಲ್ಲಿ ಹಾಡಿದರು. ಸಂಸ್ಕೃತದಲ್ಲಿ ಅಸಾಧಾರಣ ಪ್ರೌಢಿಮೆಯಿದ್ದ ಈ ಯತಿಗಳಿಗೆ ಮನೆಯ ಮಾತು ಕೀಳೆನಿಸಲಿಲ್ಲ.

ಕೀಳೆಂದು ಭಾವಿಸಿದ ಒಬ್ಬರ ಕಥೆಯೂ ದಾಸಪರಂಪರೆಯಲ್ಲಿ ಪ್ರಸಿದ್ಧವಾಗಿದೆ. ಮಾನ್ವಿಯ ಶ್ರೀನಿವಾಸಾಚಾರ್ಯರು ಮಹಾವಿದ್ವಾಂಸರು. ಕನ್ನಡದಲ್ಲಿ ಹಾಡುವ ದಾಸರೆಂದರೆ ಅವರಿಗೆ ಸಸಾರ. ಶ್ರೀವಿಜಯದಾಸರು ಪ್ರಸಾದಕ್ಕೆ ಕರೆದಾಗ ಹೊಟ್ಟೆನೋವೆಂಬ ನೆಪ ಹೇಳಿ ತಪ್ಪಿಸಿಕೊಂಡರಂತೆ. ನೆಪವೇ ನಿಜವಾಯಿತು, ಯಾವ ಚಿಕಿತ್ಸೆಗೂ ಬಗ್ಗದ ಶೂಲೆ ಅವರನ್ನು ಹಿಡಿಯಿತು. ಕೊನೆಗೆ ವಿಜಯದಾಸರ ಆಜ್ಞೆಯಂತೆ ಶ್ರೀಗೋಪಾಲದಾಸರು ತಮ್ಮ ಆಯುಸ್ಸಿನಿಂದ 40 ವರ್ಷಗಳನ್ನು ಅವರಿಗೆ ಧಾರೆಯೆರೆದರೆಂದು ಹೇಳುವರು. ಅವರೇ ಜಗನ್ನಾಥದಾಸರಾಗಿ, ಆಚಾರ್ಯರ ಶಾಸ್ತ್ರಪ್ರಮೇಯಗಳನ್ನೆಲ್ಲ 32 ಸಂಧಿಗಳ ಹರಿಕಥಾಮೃತಸಾರದಲ್ಲಿ ಭಾಮಿನೀಷಟ್ಪದಿಯ ಕನ್ನಡಕ್ಕೆ ಇಳಿಸಿಕೊಟ್ಟರು. ಸಂಸ್ಕೃತವನ್ನು ಓದದ ಗೃಹಸ್ಥರೂ ಸ್ತ್ರೀಯರೂ ತಾರತಮ್ಯ, ಪಂಚಭೇದಗಳನ್ನು ತಿಳಿದದ್ದು ಬಹುಪಾಲು ಈ ದಾರಿಯಿಂದ. ಕನ್ನಡವನ್ನು ಓದಲಾರದ ಮಗುವಿಗೆ ಸರ್ವಮೂಲದ ಬಾಗಿಲು ಹೇಗೂ ದೂರ. ದಾಸರು ತೆರೆದಿಟ್ಟ ಈ ಹಿತ್ತಿಲ ಬಾಗಿಲೂ ಮುಚ್ಚಿಹೋಗುತ್ತದೆ.

ಇದನ್ನು ಶಾಲೆಯೂ ಸರ್ಕಾರವೂ ನೋಡಿಕೊಳ್ಳಲೆಂದು ಕೆಲವರು ಹೇಳುವರು. 1982ರಲ್ಲಿ ಗೋಕಾಕ್ ವರದಿಯ ಜಾರಿಗಾಗಿ ನಾಡಿನಾದ್ಯಂತ ಚಳವಳಿ ನಡೆಯಿತು. ಒಂದರಿಂದ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವಾಗಬೇಕೆಂದು 1994ರಲ್ಲಿ ಸರ್ಕಾರದ ಆದೇಶವೂ ಆಯಿತು. ವ್ಯಾಜ್ಯವು ಸುಪ್ರೀಂ ಕೋರ್ಟನ್ನು ಮುಟ್ಟಿತು. 2014ರ ಮೇ 6ರಂದು ಐವರು ನ್ಯಾಯಮೂರ್ತಿಗಳ ಪೀಠವು, ಪ್ರಾಥಮಿಕ ಹಂತದ ಮಾಧ್ಯಮವನ್ನು ಮಗುವಿನ ಪರವಾಗಿ ತಂದೆತಾಯಿಗಳೇ ಆರಿಸಬೇಕು, ಸರ್ಕಾರವು ಹೇರಲಾಗದು ಎಂದು ತೀರ್ಪಿತ್ತಿತು. ಅಂದಮೇಲೆ ಭಾರವು ನಮ್ಮ ಜಗಲಿಗೇ ಬಂದು ಕುಳಿತಿದೆ.

ಭಾರವಾದರೂ ಎಷ್ಟು? ಶಾಲೆ ಯಾವ ಮಾಧ್ಯಮದ್ದಾಗಲಿ, ಹೊಸ್ತಿಲೊಳಗೆ ಬಂದ ಮಗುವಿನೊಡನೆ ಮನೆಯ ಮಾತನ್ನೇ ಆಡಬೇಕು. ತುಳುವಿನ ಮನೆಯಲ್ಲಿ ತುಳು, ತೆಲುಗಿನ ಮನೆಯಲ್ಲಿ ತೆಲುಗು ಇದ್ದೇ ಇರಲಿ. ಅದು ತಾಯಿಯ ಮಾತು. ಅಲ್ಲಿ ಕನ್ನಡದ ಓದು ಜೊತೆಗೂಡಬೇಕು. ಹಾಗೆ ನೋಡಿದರೆ ಮಡಿ, ನೈವೇದ್ಯ, ಹಸ್ತೋದಕ ಎಂಬ ಪದಗಳನ್ನು ಇಂಗ್ಲಿಷಿನಲ್ಲಿ ಹೇಳಲು ಹೊರಟ ತಾಯಂದಿರು ನಡುವೆಯೇ ಸೋತು ಕನ್ನಡಕ್ಕೆ ಮರಳುವುದನ್ನು ನಾವು ಕೇಳಿದ್ದೇವೆ. "ನೈವೇದ್ಯ ಆಗೋ ತನಕ ಮುಟ್ಟಬೇಡ ಮಗೂ" ಎಂಬ ಒಂದು ಮಾತಿನಲ್ಲಿ ಮಗು ಕಲಿಯುವಷ್ಟು ಆಚಾರವನ್ನು ಅರ್ಧ ಗಂಟೆಯ ವ್ಯಾಖ್ಯಾನವೂ ಕಲಿಸದು. ಅಜ್ಜಿಯರಿಗೂ ಒಂದು ಬಿನ್ನಹ: ಮೊಮ್ಮಕ್ಕಳು ದೂರವಾಣಿಯಲ್ಲಿ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೆ ನಾಚಿ ಸುಮ್ಮನಾಗಬೇಡಿ, ಕನ್ನಡದಲ್ಲಿಯೇ ಮುಂದಿನ ಪ್ರಶ್ನೆ ಕೇಳಿರಿ.

ಓದಿನ ಆರಂಭಕ್ಕೆ ಹರಿಕಥಾಮೃತಸಾರ ಎಳೆಯರಿಗೆ ಕಠಿನ. ಲಕ್ಷ್ಮೀಶೋಭಾನೆ ಸುಲಭ, ಶುಕ್ರವಾರ ಹೇಗೂ ಅನೇಕ ಮನೆಗಳಲ್ಲಿ ಹೇಳುವುದುಂಟು. ದೀಪ ಹಚ್ಚಿದ ಮೇಲೆ ಪುಸ್ತಕವನ್ನು ಮಗುವಿನ ಮುಂದಿಟ್ಟು, ತಾಯಿ ಒಂದು ಸಾಲು ಹಾಡಿ, ಆ ಸಾಲಿನ ಮೇಲೆ ಮಗು ಬೆರಳಿಟ್ಟು ಓದಲಿ. ಮೊದಲ ದಿನಕ್ಕೆ ಎರಡು ನುಡಿ ಸಾಕು.